ಪ್ರೇಮಚಂದ್ ರಾಯಚಂದ್: ತೇಜಿ-ಮಂದಿ ಕಂಡ ಜೈನ ವ್ಯಾಪಾರಿ

ಸೂರತ್‌ನ ಜೈನ ಮನೆತನದಲ್ಲಿ 1831ರಲ್ಲಿ ಜನಿಸಿದ ಪ್ರೇಮಚಂದ್ ರಾಯಚಂದ್ ಅವರು ಮುಂಬಯಿಯ ಹೆಸರಾಂತ ಹತ್ತಿ ವ್ಯಾಪಾರಿ, ಷೇರು ದಲಾಲರು. ಷೇರು ಎಂದರೆ ಕಂಪನಿಯಲ್ಲಿನ ಪಾಲು. ನಮ್ಮ ಘಾಟಬೋರಾಳದ ಕಡೆ ತೊಗರಿ ಬೆಲೆ ಏರಿದರೆ ತೇಜಿ, ಇಳಿದರೆ ಮಂದಿ. ಷೇರುಪೇಟೆಯಲ್ಲೂ ಇದೇ ಮಾತು.

ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ಮುಂಬಯಿಗೆ ಹಣ ಹರಿದು ಬಂದು, ಷೇರುಗಳಲ್ಲಿ ತೇಜಿಯಾಯಿತು. 1865ರಲ್ಲಿ ಯುದ್ಧ ಮುಗಿಯಿತು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87ಕ್ಕೆ ಕುಸಿಯಿತು. ಸಾಲ ತಂದು ಕೊಂಡವರು ಮುಳುಗಿದರು. ಪ್ರೇಮಚಂದರ ಸಂಪತ್ತೂ ಕರಗಿತು.

1864ರಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದ ದಾನ ಮಾತ್ರ ಉಳಿಯಿತು. ತಾಯಿಯ ಹೆಸರಿನ ರಾಜಾಬಾಯಿ ಗಡಿಯಾರ ಗೋಪುರ ಇಂದಿಗೂ ನಿಂತಿದೆ. ಅವರು ಮತ್ತೆ ಎದ್ದು, 1875ರಲ್ಲಿ ದಲಾಲರ ಸಂಘ ಕಟ್ಟಿದವರಲ್ಲಿ ಒಬ್ಬರಾದರು. ಅದೇ ಇಂದಿನ ಮುಂಬಯಿ ಷೇರುಪೇಟೆ. 1906ರಲ್ಲಿ ನಿಧನರಾದರು.

ಹೊಸಬರು ಸಾಲದ ಹಣದಿಂದ ಷೇರು ಕೊಳ್ಳಬಾರದು.