ಪ್ರೇಮ್‌ಚಂದ್ ರಾಯ್‌ಚಂದ್

ಪ್ರೇಮ್‌ಚಂದ್ ರಾಯ್‌ಚಂದ್ (1831–1906) ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಪ್ರಸಿದ್ಧ ಹತ್ತಿ ವ್ಯಾಪಾರಿ, ಷೇರು ದಲ್ಲಾಳಿ ಹಾಗೂ ದಾನಿ. 1864–65ರಲ್ಲಿ ಮುಂಬಯಿಯನ್ನು ಆವರಿಸಿದ ಷೇರು ಉನ್ಮಾದದ ಕೇಂದ್ರವ್ಯಕ್ತಿ ಇವರು. ಒಬ್ಬ ವ್ಯಕ್ತಿಯ ಮೇಲಿನ ನಂಬಿಕೆಯು ಸಾವಿರಾರು ಹೂಡಿಕೆದಾರರ ನಿರ್ಧಾರಗಳನ್ನು ಹೇಗೆ ನಡೆಸಬಲ್ಲದು ಎಂಬುದಕ್ಕೆ ಇವರ ಜೀವನವು ಭಾರತದ ಆರ್ಥಿಕ ಇತಿಹಾಸದಲ್ಲಿ ಒಂದು ಪ್ರಮುಖ ನಿದರ್ಶನವಾಗಿದೆ.

ಆರಂಭಿಕ ಜೀವನ

ಪ್ರೇಮ್‌ಚಂದ್ ಅವರು ಸೂರತ್‌ನ ಜೈನ ಕುಟುಂಬವೊಂದರಲ್ಲಿ ಜನಿಸಿದರು. ಅವರ ಬಾಲ್ಯದಲ್ಲಿಯೇ ಕುಟುಂಬವು ಮುಂಬಯಿಗೆ ಬಂದು ನೆಲೆಸಿತು. ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಶಿಕ್ಷಣ ಪಡೆದ ಅವರು ಯೌವನದಲ್ಲಿಯೇ ದಲ್ಲಾಳಿ ವೃತ್ತಿಗೆ ಇಳಿದರು. ಇಂಗ್ಲಿಷನ್ನು ಓದಿ ಬರೆಯಬಲ್ಲ ದೇಶೀಯ ದಲ್ಲಾಳಿಗಳು ಆಗ ತೀರಾ ವಿರಳ. ಹೀಗಾಗಿ ಯುರೋಪಿಯನ್ ಸಂಸ್ಥೆಗಳು ಮತ್ತು ಬ್ಯಾಂಕುಗಳಿಗೂ ದೇಶೀಯ ವರ್ತಕರಿಗೂ ನಡುವಿನ ಕೊಂಡಿಯಾಗಿ ಅವರು ಬೇಗನೆ ಹೆಸರು ಮಾಡಿದರು.

ಹತ್ತಿ ವ್ಯಾಪಾರ

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳು ದಿಗ್ಬಂಧನಕ್ಕೆ ಒಳಗಾದವು. ಲ್ಯಾಂಕಾಶೈರ್‌ನ ಗಿರಣಿಗಳು ಹತ್ತಿಗಾಗಿ ಭಾರತದತ್ತ ತಿರುಗಿದವು. ಗುಜರಾತ್, ಬೇರಾರ್ ಹಾಗೂ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಈ ವ್ಯಾಪಾರದಲ್ಲಿ ಪ್ರೇಮ್‌ಚಂದ್ ಅಪಾರ ಸಂಪತ್ತು ಗಳಿಸಿದರು.

ಷೇರು ಉನ್ಮಾದ

ಹತ್ತಿಯಿಂದ ಹರಿದುಬಂದ ಹಣಕ್ಕೆ ಹೂಡಿಕೆಯ ಮಾರ್ಗಗಳು ಬೇಕಾಗಿದ್ದವು. 1865ರ ಆರಂಭದ ವೇಳೆಗೆ ಮುಂಬಯಿಯಲ್ಲಿ 31 ಬ್ಯಾಂಕುಗಳು, 16 ಹಣಕಾಸು ಸಂಸ್ಥೆಗಳು ಮತ್ತು 8 ಭೂ ಕಂಪನಿಗಳು ಇದ್ದವು. ಸಮುದ್ರವನ್ನು ತುಂಬಿ ನೆಲ ಮಾಡುವ ಉದ್ದೇಶದ ಬ್ಯಾಕ್ ಬೇ ಕಂಪನಿಯ ಷೇರು ಇವುಗಳಲ್ಲಿ ಅತಿ ಹೆಚ್ಚು ಬೇಡಿಕೆ ಪಡೆಯಿತು. 5,000 ರೂಪಾಯಿ ಪಾವತಿಯಾಗಿದ್ದ ಒಂದು ಷೇರಿನ ಬೆಲೆ ಸುಮಾರು 50,000 ರೂಪಾಯಿಗೆ ಏರಿತು.

ಈ ಏರಿಕೆಗೆ ಕಂಪನಿಗಳ ಗಳಿಕೆ ಆಧಾರವಾಗಿರಲಿಲ್ಲ. ಹಲವು ಕಂಪನಿಗಳು ಕೆಲಸವನ್ನೇ ಆರಂಭಿಸಿರಲಿಲ್ಲ. ಪ್ರೇಮ್‌ಚಂದ್ ಅವರ ಬೆಂಬಲವಿದೆ ಎಂಬುದೇ ಷೇರು ಕೊಳ್ಳಲು ಸಾಕಾದ ಕಾರಣವಾಗಿತ್ತು. ಒಬ್ಬರು ಕೊಂಡದ್ದನ್ನು ನೋಡಿ ಇನ್ನೊಬ್ಬರು ಕೊಂಡರು. ಬೆಲೆ ಏರಿದ್ದೇ ಮೊದಲ ನಿರ್ಧಾರ ಸರಿಯೆಂಬುದಕ್ಕೆ ಸಾಕ್ಷಿಯೆನಿಸಿತು. ಬ್ಯಾಂಕುಗಳೂ ಇದರಿಂದ ಹೊರತಾಗಿರಲಿಲ್ಲ. ಸರ್ಕಾರದ ಪಾಲು ಬಂಡವಾಳವಿದ್ದ ಬ್ಯಾಂಕ್ ಆಫ್ ಬಾಂಬೆ ಕೂಡ ಷೇರುಗಳನ್ನು ಅಡವಿಟ್ಟುಕೊಂಡು ಸಾಲ ನೀಡಿತು. ಆ ಸಾಲದ ಹಣ ಮತ್ತೆ ಷೇರುಗಳಿಗೇ ಹೋಗಿ ಬೆಲೆಯನ್ನು ಇನ್ನಷ್ಟು ಏರಿಸಿತು. ಮುಂದಿನ ದಿನಾಂಕಕ್ಕೆ ಹಣ ಪಾವತಿಸುವ ವಾಯಿದೆ ವ್ಯವಹಾರವು ಕೈಯಲ್ಲಿ ಹಣವಿಲ್ಲದವರನ್ನೂ ಮಾರುಕಟ್ಟೆಗೆ ತಂದಿತು.

ಕುಸಿತ

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಶರಣಾದರು. ಯುದ್ಧ ಮುಗಿಯುತ್ತಿರುವ ಸುದ್ದಿಯೊಂದಿಗೆ ಹತ್ತಿಯ ಬೆಲೆ ಬಿದ್ದಿತು. ಹಿಂದೆ ಒಬ್ಬರನ್ನು ನೋಡಿ ಒಬ್ಬರು ಕೊಂಡಂತೆಯೇ ಈಗ ಒಬ್ಬರನ್ನು ನೋಡಿ ಒಬ್ಬರು ಮಾರತೊಡಗಿದರು. ಅನೇಕ ವಾಯಿದೆಗಳ ಪಾವತಿಗೆ ಗೊತ್ತಾಗಿದ್ದ 1865ರ ಜುಲೈ 1ರಂದು ಹಣ ಕೊಡಲಾಗದವರ ಸಂಖ್ಯೆ ಬಹಳವಾಗಿತ್ತು. ಒಬ್ಬರ ದಿವಾಳಿತನವು ಅವರಿಂದ ಹಣ ಬರಬೇಕಿದ್ದವರನ್ನೂ ದಿವಾಳಿ ಮಾಡಿತು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಇಳಿಯಿತು.

ಪ್ರೇಮ್‌ಚಂದ್ ತಮ್ಮ ಸಂಪತ್ತಿನ ಬಹುಭಾಗವನ್ನು ಕಳೆದುಕೊಂಡರು. ಬ್ಯಾಂಕ್ ಆಫ್ ಬಾಂಬೆಯನ್ನು 1868ರಲ್ಲಿ ಮುಚ್ಚಿ, ಅದೇ ಹೆಸರಿನ ಹೊಸ ಬ್ಯಾಂಕನ್ನು ಸ್ಥಾಪಿಸಲಾಯಿತು. ಸರ್ಕಾರ ನೇಮಿಸಿದ ಆಯೋಗದ ವಿಚಾರಣೆಯಲ್ಲಿ ನಿಯಂತ್ರಣವಿಲ್ಲದೆ ಸಾಲ ನೀಡಿದ್ದು ಬೆಳಕಿಗೆ ಬಂದಿತು. ಬ್ಯಾಂಕಿನ ಆಡಳಿತದ ಮೇಲೆ ಪ್ರೇಮ್‌ಚಂದ್ ಅವರಿಗಿದ್ದ ಪ್ರಭಾವವೂ ಟೀಕೆಗೆ ಗುರಿಯಾಯಿತು.

ದಾನಗಳು

ಉನ್ಮಾದ ತುತ್ತತುದಿಯಲ್ಲಿದ್ದ 1864ರಲ್ಲಿ ಪ್ರೇಮ್‌ಚಂದ್ ಅವರು ಮುಂಬಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯ ಹಾಗೂ ಗಡಿಯಾರ ಗೋಪುರದ ನಿರ್ಮಾಣಕ್ಕಾಗಿ ಧನಸಹಾಯ ನೀಡಿದರು. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ವಿನ್ಯಾಸಗೊಳಿಸಿದ ಗೋಪುರವು 1878ರಲ್ಲಿ ಪೂರ್ಣಗೊಂಡಿತು. ಅದಕ್ಕೆ ಪ್ರೇಮ್‌ಚಂದ್ ಅವರ ತಾಯಿ ರಾಜಾಬಾಯಿಯವರ ಹೆಸರನ್ನು ಇಡಲಾಗಿದೆ. ದೃಷ್ಟಿಹೀನರಾಗಿದ್ದ ಆಕೆಗೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಜೈನ ನಿಯಮವನ್ನು ಪಾಲಿಸಲು ಗಡಿಯಾರದ ಗಂಟೆ ನೆರವಾಗುತ್ತಿತ್ತು ಎಂಬ ಪ್ರತೀತಿ ಇದೆ. ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಅವರು ನೀಡಿದ ದತ್ತಿಯಿಂದ ಪ್ರೇಮ್‌ಚಂದ್ ರಾಯ್‌ಚಂದ್ ವಿದ್ಯಾರ್ಥಿವೇತನ ಸ್ಥಾಪನೆಯಾಯಿತು. ಅಶುತೋಷ್ ಮುಖರ್ಜಿ ಮತ್ತು ಇತಿಹಾಸಕಾರ ಜದುನಾಥ್ ಸರ್ಕಾರ್ ಇದನ್ನು ಪಡೆದವರಲ್ಲಿ ಪ್ರಮುಖರು.

ಕೊನೆಯ ವರ್ಷಗಳು ಮತ್ತು ಪರಂಪರೆ

ಕುಸಿತದ ನಂತರವೂ ಪ್ರೇಮ್‌ಚಂದ್ ದಲ್ಲಾಳಿ ವೃತ್ತಿಯನ್ನು ಮುಂದುವರಿಸಿದರು. 1875ರಲ್ಲಿ ಮುಂಬಯಿಯ ದಲ್ಲಾಳಿಗಳು ಕಟ್ಟಿಕೊಂಡ ಸಂಘದ ಸ್ಥಾಪಕರಲ್ಲಿ ಅವರನ್ನು ಗಣಿಸಲಾಗುತ್ತದೆ. ಈ ಸಂಘವೇ ಮುಂದೆ ಬಾಂಬೆ ಷೇರು ವಿನಿಮಯ ಕೇಂದ್ರವಾಗಿ ಬೆಳೆಯಿತು. ವ್ಯಕ್ತಿಯ ಹೆಸರನ್ನು ನಂಬಿ ನಡೆಯುತ್ತಿದ್ದ ವ್ಯವಹಾರವು ಇಂತಹ ಸಂಘಟನೆಯ ಮೂಲಕ ಕ್ರಮೇಣ ನಿಯಮಗಳಿಗೆ ಒಳಪಟ್ಟಿತು. ಪ್ರೇಮ್‌ಚಂದ್ ಅವರು 1906ರಲ್ಲಿ ನಿಧನರಾದರು.