ಹೈಸ್ಕೂಲು ಕಾಣದ ಗುರು

ಸಾಯಂಕಾಲ ನಮ್ಮ ಕಾಲೇಜಿನ ಬಯಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಗೆಳೆಯರಿಗೆ ಜೋ ಲ್ಯಾಪ್ಚಿಕ್‌ನ ಹೆಸರು ಹೊಸದಿರಬಹುದು. ಅಮೆರಿಕದಲ್ಲಿ ಅದು ದೊಡ್ಡ ಹೆಸರು. ಹಣ ಪಡೆದು ಈ ಆಟವಾಡಿದ ಮೊದಲ ತಲೆಮಾರಿನವರಲ್ಲಿ ಆತನೊಬ್ಬ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಆತನ ಆಟವಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು ಇಪ್ಪತ್ತು ವರ್ಷ ಕಾಲೇಜು ಹುಡುಗರಿಗೆ ಗುರುವಾಗಿದ್ದನೆಂಬ ಸಂಗತಿ.

ಆತ ಹುಟ್ಟಿದ್ದು 1900ರಲ್ಲಿ, ನ್ಯೂಯಾರ್ಕಿನ ಪಕ್ಕದ ಯಾಂಕರ್ಸ್‌ನಲ್ಲಿ. ತಂದೆತಾಯಿ ಯೂರೋಪಿನಿಂದ ವಲಸೆ ಬಂದ ಬಡವರು. ಓದು ನಿಂತಿತು, ದುಡಿಮೆ ಹಿಡಿಯಿತು. ಆದರೆ ಹುಡುಗ ಆರೂವರೆ ಅಡಿಯ ಹತ್ತಿರ ಬೆಳೆದ. ಆಗಿನ ನಿಯಮದಂತೆ ಪ್ರತಿ ಸಲ ಬುಟ್ಟಿಗೆ ಚೆಂಡು ಬಿದ್ದಮೇಲೂ ಅದನ್ನು ನಡುವೆ ತಂದು ಮೇಲಕ್ಕೆ ಎಸೆಯುತ್ತಿದ್ದರು. ಎತ್ತರದವನಿಗೆ ಎಷ್ಟು ಬೆಲೆಯೆಂದು ಬೇರೆ ಹೇಳಬೇಕಿಲ್ಲ. ಆಟಕ್ಕಿಷ್ಟೆಂದು ಹಣ ಪಡೆದು ಹಲವು ತಂಡಗಳಿಗೆ ಆಡಿ, 1923ರಲ್ಲಿ ಒರಿಜಿನಲ್ ಸೆಲ್ಟಿಕ್ಸ್ ತಂಡ ಸೇರಿದ. ಆ ತಂಡ 1927ರಲ್ಲಿಯೂ 1928ರಲ್ಲಿಯೂ ಲೀಗಿನಲ್ಲಿ ಗೆದ್ದಿತು. ಇವರೇ ಗೆಲ್ಲುತ್ತಾರೆಂದು ಬೇಸತ್ತು ತಂಡವನ್ನೇ ಒಡೆದು ಹಂಚಿದರು! ಲ್ಯಾಪ್ಚಿಕ್ ಕ್ಲೀವ್‌ಲೆಂಡಿಗೆ ಹೋದ. ಮುಂದಿನೆರಡು ವರ್ಷ ಗೆದ್ದದ್ದು ಕ್ಲೀವ್‌ಲೆಂಡೇ.

ಸೆಲ್ಟಿಕ್ಸ್‌ಗೆ ಸರಿಸಾಟಿಯಾಗಿದ್ದವರು ಹಾರ್ಲೆಮ್ಮಿನ ರೆನೆಸಾನ್ಸ್ ತಂಡದ ಕಪ್ಪು ಜನಾಂಗದ ಆಟಗಾರರು. ಅನೇಕ ಊರುಗಳಲ್ಲಿ ಅವರಿಗೆ ಹೋಟೆಲಿನಲ್ಲಿ ಊಟವೂ ಸಿಗುತ್ತಿರಲಿಲ್ಲ. ಅಂಥ ದಿನಗಳಲ್ಲಿ ಲ್ಯಾಪ್ಚಿಕ್, ಆಟಕ್ಕೆ ಮುನ್ನ ಆ ತಂಡದ ಟಾರ್ಜನ್ ಕೂಪರ್‌ನನ್ನು ಎಲ್ಲರೆದುರಿಗೆ ಅಪ್ಪಿಕೊಂಡ.

1936ರಲ್ಲಿ ಸೇಂಟ್ ಜಾನ್ಸ್ ವಿಶ್ವವಿದ್ಯಾನಿಲಯ ಆತನನ್ನು ತರಬೇತಿಗೆ ಕರೆಯಿತು. ಇಲ್ಲಿ ನನಗೆ ನಮ್ಮ ತಂದೆಯವರ ನೆನಪಾಗುತ್ತದೆ. ನಾಲ್ಕನೆಯ ತರಗತಿಗೆ ಓದು ಬಿಟ್ಟ ಅವರನ್ನು ನೇಗಿಲು ಹೂಡುವುದು ಹೇಗೆಂದು ಕೇಳಿದರೆ ಬಾಯಲ್ಲಿ ಹೇಳಲಾರರು, ಕೈಯಲ್ಲಿ ಮಾಡಿ ತೋರಿಸುತ್ತಾರೆ. ಸೆಲ್ಟಿಕ್ಸ್ ಆಟವೂ ಅಂಥದೇ. ಕಣ್ಣಿನ ಸನ್ನೆಯಲ್ಲಿ ನಡೆಯುತ್ತಿದ್ದದ್ದು. ಮೈಗೆ ಗೊತ್ತಿದ್ದುದನ್ನು ಆತ ಓದಿದ ಹುಡುಗರೆದುರು ಮಾತಾಗಿಸಬೇಕಾಯಿತು. 1943, 1944ರಲ್ಲಿ ಆ ಹುಡುಗರು ರಾಷ್ಟ್ರೀಯ ಆಹ್ವಾನ ಪಂದ್ಯಾವಳಿಯನ್ನು ಸತತವಾಗಿ ಗೆದ್ದರು. ಎರಡನೆಯ ಸಲದ ಫೈನಲ್ಲಿನಲ್ಲಿ ಗುರು ಆತಂಕದಿಂದ ಮೂರ್ಛೆ ಹೋದನಂತೆ. ಆಟದ ಭಯ ಆತನನ್ನು ಕೊನೆವರೆಗೂ ಬಿಡಲಿಲ್ಲ.

1947ರಿಂದ 1956ರವರೆಗೆ ವೃತ್ತಿಪರ ನ್ಯೂಯಾರ್ಕ್ ನಿಕ್ಸ್ ತಂಡದ ಹೊಣೆ. 1951, 1952, 1953, ಮೂರು ವರ್ಷವೂ ಅಂತಿಮ ಸುತ್ತಿನಲ್ಲಿ ಸೋಲು. ಆದರೂ 1950ರಲ್ಲಿ ನ್ಯಾಟ್ ಕ್ಲಿಫ್ಟನ್ ಎಂಬ ಕಪ್ಪು ಆಟಗಾರ ಸೇರಿದ್ದು ಇದೇ ತಂಡಕ್ಕೆ. ನನ್ನ ಲೆಕ್ಕದಲ್ಲಿ ಅದು ಕಿರೀಟಕ್ಕಿಂತ ಕಡಿಮೆಯದಲ್ಲ.

1951ರಲ್ಲಿ ನ್ಯೂಯಾರ್ಕಿನ ಕಾಲೇಜು ಆಟಗಾರರು ಜೂಜುಗಾರರಿಂದ ಹಣ ಪಡೆದು ಸಿಕ್ಕಿಬಿದ್ದರು. ಲ್ಯಾಪ್ಚಿಕ್ ಆ ಸುದ್ದಿಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಒಂದು ಪುಸ್ತಕಕ್ಕೆ ಅಂಟಿಸಿದ. 1956ರಲ್ಲಿ ಸೇಂಟ್ ಜಾನ್ಸ್‌ಗೆ ಮರಳಿದಮೇಲೆ ಹುಡುಗರು ಅದನ್ನು ಓದಿ ರುಜು ಹಾಕಬೇಕಿತ್ತು. ಶಾಲೆ ಬಿಟ್ಟವನು ಮಾಡಿದ ಪಠ್ಯಪುಸ್ತಕ ಅದೊಂದೇ ಇರಬೇಕು.

1959ರಲ್ಲಿ ಮತ್ತೆ ಅದೇ ಪಂದ್ಯಾವಳಿ ಗೆದ್ದ. 1965ರಲ್ಲಿ ಅರವತ್ತೈದು ತುಂಬುತ್ತಿದ್ದಂತೆ ನಿಯಮದ ಪ್ರಕಾರ ನಿವೃತ್ತಿ. ಕೊನೆಯ ಆಟದಲ್ಲಿ ಹುಡುಗರು ವಿಲನೋವಾ ತಂಡವನ್ನು 55–51ರಿಂದ ಸೋಲಿಸಿ ನಾಲ್ಕನೆಯ ಪ್ರಶಸ್ತಿ ತಂದುಕೊಟ್ಟರು. ಮರುವರ್ಷ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರಕ್ಕೆ ಆತನನ್ನು ಸೇರಿಸಿಕೊಂಡರು, ಆಟಗಾರನೆಂದು, ಗುರುವೆಂದಲ್ಲ. 1970ರ ಆಗಸ್ಟಿನಲ್ಲಿ ತೀರಿಕೊಂಡ.