ವೀರ ಕವಿ ನರ್ಮದ್: ಸೂರತ್ ಒಪ್ಪಿದ್ದು, ಸೂರತ್ ಒಪ್ಪದ್ದು

ಉಧ್ನಾದಿಂದ ಮಗದಲ್ಲಾ ಕಡೆಗೆ ಸಾಗುವ ರಸ್ತೆಯಲ್ಲಿ ದಿನನಿತ್ಯ ಸಂಚರಿಸುವ ನಮ್ಮ ಕನ್ನಡ ಬಂಧುಗಳಿಗೆ ವೀರ ನರ್ಮದ್ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯ ಚಿರಪರಿಚಿತ. 1967ರಲ್ಲಿ ಸ್ಥಾಪನೆಯಾದ ಆ ವಿದ್ಯಾಸಂಸ್ಥೆಗೆ 2004ರಲ್ಲಿ ಸೂರತ್ತಿನ ಕವಿಯೊಬ್ಬರ ಹೆಸರನ್ನು ಇಡಲಾಯಿತು. ನಾವು ನವೆಂಬರ್ ಒಂದರಂದು ಕನ್ನಡ ರಾಜ್ಯೋತ್ಸವವನ್ನು ಆಚರಿಸುವಂತೆ, ಗುಜರಾತಿಗಳು ಈ ಕವಿಯ ಜನ್ಮದಿನವಾದ ಆಗಸ್ಟ್ 24ನ್ನು ತಮ್ಮ ಭಾಷೆಯ ದಿನವನ್ನಾಗಿ ಆಚರಿಸುತ್ತಾರೆ. ಇಷ್ಟು ಗೌರವಕ್ಕೆ ಪಾತ್ರರಾದ ವ್ಯಕ್ತಿಯ ಮನೆಯ ವಿಷಯವನ್ನು ಅವರ ಕಾಲದ ಸೂರತ್ ಮೂಗು ಮುರಿದು ಮಾತನಾಡುತ್ತಿತ್ತು ಎಂಬುದು ಹೊರಗಿನಿಂದ ಬಂದು ನೆಲೆಸಿದ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ನರ್ಮದಾಶಂಕರ ಲಾಲಶಂಕರ ದವೆ 1833ರಲ್ಲಿ ಸೂರತ್ತಿನ ನಾಗರ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆ ಮುಂಬಯಿಯ ನ್ಯಾಯಾಲಯದಲ್ಲಿ ಬರವಣಿಗೆಯ ಕೆಲಸದಲ್ಲಿದ್ದುದರಿಂದ ಬಾಲ್ಯ ಎರಡೂ ಊರುಗಳಲ್ಲಿ ಹಂಚಿಹೋಯಿತು. ಹನ್ನೊಂದನೆಯ ವಯಸ್ಸಿನಲ್ಲಿ, 1844ರಲ್ಲಿ, ಗುಲಾಬ್ ಎಂಬ ಬಾಲೆಯೊಂದಿಗೆ ವಿವಾಹವಾಯಿತು. ಆಕೆ 1853ರಲ್ಲೇ ತೀರಿಕೊಂಡರು. 1856ರಲ್ಲಿ ಡಾಹೀಗೌರಿ ಎಂಬವರನ್ನು ಅವರು ಮದುವೆಯಾದರು. ಈ ಎರಡೂ ವಿವಾಹಗಳ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಮಕ್ಕಳ ಮದುವೆ, ಹೆಂಡತಿ ಸತ್ತ ಗಂಡಸಿನ ಮರುಮದುವೆ ಎರಡೂ ಆ ಕಾಲಕ್ಕೆ ಊಟ ನಿದ್ರೆಗಳಷ್ಟೇ ಸಹಜವಾಗಿದ್ದವು. ಒಂದು ಕ್ಷಣ ಯೋಚಿಸಿದರೆ ಅದೇ ಗುಲಾಬ್ ಬದುಕುಳಿದು ಗಂಡ ತೀರಿಕೊಂಡಿದ್ದರೆ ಆಕೆಯ ಪಾಡೇನಾಗುತ್ತಿತ್ತು ಎಂಬುದನ್ನು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಓದಿದ ಯಾವ ಕನ್ನಡಿಗರಿಗೂ ವಿವರಿಸಬೇಕಾಗಿಲ್ಲ.

ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ವ್ಯಾಸಂಗ, ಕೆಲವು ಶಾಲೆಗಳಲ್ಲಿ ಅಧ್ಯಾಪನ, ಬಳಿಕ 1858ರಲ್ಲಿ ನೌಕರಿಗೆ ರಾಜೀನಾಮೆ. ಇನ್ನು ಮುಂದೆ ಲೇಖನಿಯನ್ನೇ ನಂಬಿ ಬಾಳುವೆನೆಂದು ಅವರು ಕೈಗೊಂಡ ಸಂಕಲ್ಪ ಗುಜರಾತಿನಲ್ಲಿ ಇಂದಿಗೂ ಮನೆಮಾತು.

ಕಾವ್ಯದಲ್ಲಿಯೂ ಅವರು ಹಿಡಿದದ್ದು ಹೊಸ ದಾರಿ. ಗುಜರಾತಿ ಸಾಹಿತ್ಯದಲ್ಲಿ ಶೃಂಗಾರಕ್ಕೆ ಕೊರತೆಯೇನೂ ಇರಲಿಲ್ಲ. ವಡೋದರಾ ಸಮೀಪದ ಡಭೋಯಿಯಲ್ಲಿ ನೆಲೆಸಿದ್ದ ದಯಾರಾಮರ ಗರಬಿಗಳಲ್ಲಿ ಕೃಷ್ಣ ಗೋಪಿಯರ ಸರಸ ತುಂಬಿ ತುಳುಕುತ್ತದೆ. ಅವುಗಳನ್ನು ಕುಲಸ್ತ್ರೀಯರು ಮನೆಯಂಗಳದಲ್ಲಿ ನಿಸ್ಸಂಕೋಚವಾಗಿ ಹಾಡುತ್ತಿದ್ದರು. ನರ್ಮದ್ ರಾಧೆ ಕೃಷ್ಣರ ಮರೆಯನ್ನು ಬಿಟ್ಟು ಮನುಷ್ಯನೊಬ್ಬನ ಸ್ವಂತ ಪ್ರೇಮವನ್ನು, ಸ್ವಂತ ಕಾಮನೆಯನ್ನು ಕಾವ್ಯಕ್ಕೆ ತಂದಾಗ ಸಭ್ಯರ ಹುಬ್ಬು ಮೇಲೇರಿತು. ದಯಾರಾಮರು ರತನಬಾಯಿ ಎಂಬ ಬಾಲವಿಧವೆಯೊಂದಿಗೆ ದೀರ್ಘಕಾಲ ಒಂದೇ ಮನೆಯಲ್ಲಿ ಬಾಳಿದ್ದರು. ಅವರಿಬ್ಬರ ವಿವಾಹವಾಗಿರಲಿಲ್ಲ. ಆದರೂ ಭಕ್ತಕವಿಯೆಂಬ ಅವರ ಕೀರ್ತಿಗೆ ಅದರಿಂದ ಭಂಗ ಬರಲಿಲ್ಲ. ಇದನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

1860ರಲ್ಲಿ ಸೂರತ್ತಿನ ವೈಷ್ಣವ ಆಚಾರ್ಯ ಜದುನಾಥಜಿ ಮಹಾರಾಜರು ಮುಂಬಯಿಗೆ ಆಗಮಿಸಿದರು. ವಿಧವಾ ವಿವಾಹಕ್ಕೆ ಶಾಸ್ತ್ರದ ಸಮ್ಮತಿ ಇದೆಯೇ ಎಂಬ ವಿಷಯದಲ್ಲಿ ಆ ಆಗಸ್ಟ್ ತಿಂಗಳಿನಲ್ಲಿ ನರ್ಮದ್ ಅವರೊಡನೆ ಬಹಿರಂಗ ಚರ್ಚೆ ನಡೆಸಿದರು. ಚರ್ಚೆ ಕಾವೇರಿತೇ ಹೊರತು ತೀರ್ಮಾನವಾಗಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ನರ್ಮದ್‌ರ ಸ್ನೇಹಿತ ಕರ್ಸನ್‌ದಾಸ್ ಮೂಲಜಿ ತಮ್ಮ ‘ಸತ್ಯಪ್ರಕಾಶ’ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿ, ತನು ಮನ ಧನಗಳ ಸಮರ್ಪಣೆಯ ಹೆಸರಿನಲ್ಲಿ ಕೆಲವು ಮಹಾರಾಜರು ಭಕ್ತರ ಹೆಂಡತಿ ಮಕ್ಕಳನ್ನು ತಮ್ಮ ಭೋಗಕ್ಕೆ ಬಳಸಿಕೊಳ್ಳುತ್ತಿದ್ದಾರೆಂದು ಆಪಾದಿಸಿದರು. ಜದುನಾಥಜಿ ಐವತ್ತು ಸಾವಿರ ರೂಪಾಯಿಗಳ ಮಾನನಷ್ಟ ಮೊಕದ್ದಮೆ ಹೂಡಿದರು. 1862ರ ಜನವರಿಯಿಂದ ಮುಂಬಯಿಯ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ ನಡೆದು, ಏಪ್ರಿಲ್ 22ರಂದು ತೀರ್ಪು ಹೊರಬಿತ್ತು. ಡಾ. ಭಾವು ದಾಜಿಯವರಂತಹ ಗಣ್ಯ ವೈದ್ಯರು ಸಾಕ್ಷಿ ನುಡಿದರು. ಕರ್ಸನ್‌ದಾಸರು ಬರೆದ ಆಪಾದನೆ ಸತ್ಯವೆಂದು ನ್ಯಾಯಾಲಯ ಒಪ್ಪಿತು.

ಈ ಪ್ರಕರಣದಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಅಂಶ ಬೇರೆಯೇ ಇದೆ. ಮನೆಯ ಹಿರಿಯರಿಗೆ ಈ ಸಂಗತಿಗಳು ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದೂ ಅವರು ಅದನ್ನು ಸೇವೆಯೆಂದು ಕರೆದಿದ್ದರು. ನಡತೆಗಿಂತ ಅದನ್ನು ಅಚ್ಚು ಹಾಕಿದ್ದೇ ಅವರಿಗೆ ಅಶ್ಲೀಲವಾಗಿ ಕಂಡಿತು. ಜಾತಿಯ ಮುಖಂಡರು ಸಭೆ ಸೇರಿ, ಮಹಾರಾಜರ ವಿರುದ್ಧ ಸಾಕ್ಷಿ ನುಡಿಯಬಾರದೆಂದು ಬಂಧುಗಳ ಮೇಲೆ ಒತ್ತಡ ಹೇರಿದರು. ವಲ್ಲಭಾಚಾರ್ಯರ ತತ್ತ್ವಕ್ಕೂ ಆ ಕಾಲದ ಕೆಲವರ ನಡತೆಗೂ ಅಂತರವಿದೆಯೆಂಬುದೇ ಕರ್ಸನ್‌ದಾಸರ ವಾದವಾಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ವಿಜಯನಗರದ ಆಸ್ಥಾನದಲ್ಲಿ ಆ ಆಚಾರ್ಯರಿಗೆ ಕನಕಾಭಿಷೇಕವಾಯಿತೆಂದು ನಂಬುವ ಸಂಪ್ರದಾಯ ನಮಗೂ ದೂರದ್ದಲ್ಲ. 2024ರಲ್ಲಿ ‘ಮಹಾರಾಜ್’ ಚಲನಚಿತ್ರದ ಬಿಡುಗಡೆಗೆ ಗುಜರಾತ್ ಹೈಕೋರ್ಟು ಮೊದಲು ತಡೆ ನೀಡಿ, ಬಳಿಕ ಅದನ್ನು ತೆರವುಗೊಳಿಸಿತ್ತು. ನೂರ ಅರವತ್ತು ವರ್ಷಗಳ ನಂತರವೂ ಕಥೆ ತಣ್ಣಗಾಗಿಲ್ಲ.

ನರ್ಮದ್ 1864ರಲ್ಲಿ ‘ದಾಂಡಿಯೋ’ ಪಾಕ್ಷಿಕವನ್ನು ಆರಂಭಿಸಿ, ವಿಧವೆಯರ ಪರವಾಗಿ ಮತ್ತಷ್ಟು ಖಾರವಾಗಿ ಬರೆಯತೊಡಗಿದರು. ಮರುವರ್ಷ ಸವಿತಾಗೌರಿ ಎಂಬ ವಿಧವೆಗೆ ಆಶ್ರಯ ನೀಡಿದರು. 1869ರಲ್ಲಿ ತಮ್ಮ ಜಾತಿಯವರೇ ಆದ ನರ್ಮದಾಗೌರಿ ಎಂಬ ವಿಧವೆಯನ್ನು ಮದುವೆಯಾದರು. 1870ರಲ್ಲಿ ಜಯಶಂಕರನೆಂಬ ಮಗ ಹುಟ್ಟಿದ. ಬೋಧಿಸಿದ್ದನ್ನು ತಾವೇ ಆಚರಿಸಿ ತೋರಿಸಿದ ಧೀರರೆಂದು ಸುಧಾರಕರು ಕೊಂಡಾಡಿದರು. ಜಾತಿಯವರು ಕೆಂಡ ಕಾರಿದರು. ಆದರೆ ಆ ಹೊತ್ತಿಗೆ ಡಾಹೀಗೌರಿ ಬದುಕಿದ್ದರು, ಅದೇ ಮನೆಯ ಯಜಮಾನಿಯಾಗಿದ್ದರು.

ಇಲ್ಲಿ ಸ್ವಲ್ಪ ನಿಧಾನಿಸೋಣ. 1856ರ ಕಾಯಿದೆಯ ಪ್ರಕಾರ ವಿಧವಾ ವಿವಾಹ ಕಾನೂನುಬದ್ಧವಾಗಿತ್ತು. ಹಿಂದೂ ಪುರುಷನಿಗೆ ಎರಡನೆಯ ಹೆಂಡತಿಯನ್ನು ತರುವುದಕ್ಕೂ ಕಾನೂನಿನ ಅಡ್ಡಿಯಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ ದ್ವಿಪತ್ನಿತ್ವಕ್ಕೆ ನಿಷೇಧ ಬಂದದ್ದು 1946ರಲ್ಲಿ. ಸೂರತ್ತಿನ ಮಂದಿಗೆ ನರ್ಮದ್‌ರ ಮನೆಯಲ್ಲಿ ವಿಕೃತಿಯಾಗಿ ಕಂಡದ್ದು ಇಬ್ಬರು ಹೆಂಡಿರಲ್ಲ, ಅವರಲ್ಲೊಬ್ಬರು ವಿಧವೆ ಎಂಬುದು. ದಯಾರಾಮರಂತೆ ಮದುವೆಯಿಲ್ಲದೆ ಆಶ್ರಯ ಕೊಟ್ಟಿದ್ದರೆ ಬಹುಶಃ ಊರು ಕಣ್ಣುಮುಚ್ಚಿ ಕೂರುತ್ತಿತ್ತು. ಅವರು ಅಗ್ನಿಸಾಕ್ಷಿಯಾಗಿ ಕೈಹಿಡಿದದ್ದೇ ಅಪರಾಧವಾಯಿತು. ಇಂದು ನಮ್ಮ ಯಾವುದೇ ಮನೆಯಲ್ಲಿ ಈ ಕಥೆಯನ್ನು ಹೇಳಿ ನೋಡಿ, ವಿಧವೆಯ ಮದುವೆಗೆ ಯಾರೂ ಬೆಚ್ಚುವುದಿಲ್ಲ. ಮೊದಲ ಹೆಂಡತಿಯಿರುವಾಗ ಎರಡನೆಯವಳೇ ಎಂದು ಎಲ್ಲರೂ ಕೇಳುತ್ತಾರೆ. ಮನೆ ಅದೇ, ಮೂವರು ಮನುಷ್ಯರೂ ಅವರೇ. ಬೆಚ್ಚುವ ಜಾಗ ಮಾತ್ರ ಸ್ಥಳಾಂತರಗೊಂಡಿದೆ.

ನರ್ಮದ್‌ರನ್ನು ಮೆಚ್ಚುವ ನನ್ನಂತಹವರಿಗೂ ಈ ಭಾಗದಲ್ಲಿ ಸಮಾಧಾನವಿಲ್ಲ. ಲೋಕದ ಕಟ್ಟುಪಾಡುಗಳನ್ನೆಲ್ಲ ಜರಡಿಗೆ ಹಾಕಿದ ಕವಿ, ಗಂಡಸಿಗೆ ಲೋಕ ಕೊಟ್ಟಿದ್ದ ರಿಯಾಯಿತಿಯೊಂದನ್ನು ಮಾತ್ರ ಜರಡಿಗೆ ಹಾಕದೆ ಜೇಬಿಗಿಳಿಸಿದರು. ಒಬ್ಬ ಹೆಣ್ಣಿಗೆ ನ್ಯಾಯ ದೊರಕಿಸಲು ಹೊರಟು ಇನ್ನೊಬ್ಬಳ ಪಾಲನ್ನು ಅವರು ಖರ್ಚು ಮಾಡಿದರು.

1873ರಲ್ಲಿ ಏಕಾಂಗಿಯಾಗಿ ದುಡಿದು ಸಿದ್ಧಪಡಿಸಿದ ‘ನರ್ಮಕೋಶ’ ನಿಘಂಟು ಪೂರ್ಣಗೊಂಡಿತು. ಸಾಲ ಬೆಳೆಯಿತು. 1882ರಲ್ಲಿ, ಸಂಕಲ್ಪ ಮಾಡಿ ಸುಮಾರು ಇಪ್ಪತ್ತನಾಲ್ಕು ವರ್ಷಗಳ ನಂತರ, ಮುಂಬಯಿಯ ಗೋಕುಲದಾಸ್ ತೇಜಪಾಲ್ ಧರ್ಮಸಂಸ್ಥೆಯಲ್ಲಿ ನೌಕರಿಗೆ ಸೇರಬೇಕಾಯಿತು. ಆ ಹೊತ್ತಿಗೆ ಅವರ ವಿಚಾರಗಳೂ ತಿರುಗಿದ್ದವು. 1885ರ ‘ಧರ್ಮವಿಚಾರ’ ಗ್ರಂಥದಲ್ಲಿ ತಾವೇ ಮುನ್ನಡೆಸಿದ್ದ ಸುಧಾರಣೆಯನ್ನು ಸಂಶಯಿಸಿ, ಹಳೆಯ ಆರ್ಯಧರ್ಮದ ಕಡೆಗೆ ವಾಲಿದರು. ಹಿಂದಿನ ಸಂಗಾತಿಗಳು ಕಂಗಾಲಾದರು. 1886ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಅವರು ನಿಧನರಾದಾಗ ವಯಸ್ಸು ಐವತ್ತೆರಡು.

ಆಮ್ಲೀರಾನಿನಲ್ಲಿ ಅವರು ಕಟ್ಟಿಸಿದ ‘ಸರಸ್ವತಿ ಮಂದಿರ’ವೆಂಬ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ಉಧ್ನಾದವರು ಒಂದು ಭಾನುವಾರ ಮಕ್ಕಳೊಂದಿಗೆ ಹೋಗಿ ಬರಬಹುದು. ಗುಜರಾತಿಯ ಆದ್ಯ ಆತ್ಮಕಥೆಗಳಲ್ಲೊಂದಾದ ‘ಮಾರಿ ಹಕೀಕತ್’ ಕೃತಿಯನ್ನು ನರ್ಮದ್ 1866ರಲ್ಲಿ ಬರೆದರು. ಯೌವನದ ಚಾಪಲ್ಯಗಳನ್ನೂ ಅದರಲ್ಲಿ ಮುಚ್ಚಿಡಲಿಲ್ಲ. ಕೆಲವೇ ಪ್ರತಿಗಳನ್ನು ಮುದ್ರಿಸಿ, ತಮ್ಮ ಜೀವಿತಾವಧಿಯಲ್ಲಿ ಸಾರ್ವಜನಿಕರ ಕೈಗೆ ಸೇರದಂತೆ ತಡೆದರು. ಅದು ಲೋಕದ ಕೈಗೆ ಬಂದದ್ದು ಜನ್ಮಶತಾಬ್ದಿಯ ವರ್ಷವಾದ 1933ರಲ್ಲಿ. ಆ ಪುಸ್ತಕ 1866ಕ್ಕೇ ನಿಲ್ಲುತ್ತದೆ. ಮೂರು ವರ್ಷಗಳ ನಂತರ ಡಾಹೀಗೌರಿಯವರ ಮನೆಗೆ ನರ್ಮದಾಗೌರಿ ಕಾಲಿಟ್ಟ ದಿನದ ವೃತ್ತಾಂತ ಅದರಲ್ಲಿಲ್ಲ.